ಮೀನಿನ ಬಾಯಿಂದ ಮಾತು ಹೋದ ದಿನ

ಲೋಕ ಆಗತಾನೇ ಆಗಿತ್ತು. ಎಷ್ಟು ಹೊಸದೆಂದರೆ ಬಂಡೆಗಳನ್ನು ಮುಟ್ಟಿದರೆ ಇನ್ನೂ ಕೈಗೆ ಮೆತ್ತಿಕೊಳ್ಳುತ್ತಿದ್ದವು. ಬೆಟ್ಟಗಳು ಕೂತ ಜಾಗ ಸರಿಯಿಲ್ಲವೆಂದು ಆಗಾಗ ಎದ್ದು ಪಕ್ಕಕ್ಕೆ ಸರಿದು ಕೂರುತ್ತಿದ್ದವು.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ನದಿ ಮಾತಾಡುತ್ತಿತ್ತು. ಏಡಿಯೂ ಮಾತಾಡುತ್ತಿತ್ತು, ಆದರೆ ಬರೀ ದೂರು. ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದುದು ಮೀನು. ನೀರಿಗೆ ಬಂದ ಹೆಂಗಸರು ಕೊಡ ತುಂಬಿದ ಮೇಲೂ ಮನೆಗೆ ಹೋಗದೆ ಮೀನಿನ ಜೊತೆ ಹರಟುತ್ತಾ ನಿಂತಿರುತ್ತಿದ್ದರು.

ಮೀನಿಗೆ ಮಾತು ಹುಟ್ಟುತ್ತಲೇ ಬರುತ್ತಿರಲಿಲ್ಲ, ನಿನಗೂ ಬಂದಿರಲಿಲ್ಲವಲ್ಲ, ಹಾಗೆ. ಮಳೆಗಾಲದ ಹೊಸ ನೀರು ಬಂದಾಗ ತಾಯಿಮೀನು ಮರಿಗಳನ್ನು ಬಂಡೆಯ ಸಂದಿಗೆ ಕರೆದು ಒಂದೊಂದೇ ಮಾತು ಹೇಳಿಕೊಡಬೇಕಿತ್ತು.

ಅಷ್ಟು ಚೆನ್ನಾಗಿ ಮಾತಾಡುವ ಮೀನನ್ನು ಜನ ಹೇಗೆ ತಿನ್ನುತ್ತಿದ್ದರು ಅಂತೀಯಾ? ತಿನ್ನುತ್ತಿದ್ದರು ಮಗೂ. ಯೋಗಕ್ಷೇಮ ವಿಚಾರಿಸಿ ತಿನ್ನುತ್ತಿದ್ದರು.

ಅದಕ್ಕೇ ನದಿ ಒಂದು ಕಟ್ಟಳೆ ಮಾಡಿತ್ತು.

"ನೀರಿನಿಂದ ಎತ್ತಿದ ಮೀನಿಗೆ ಹೊಸ ಉಸಿರು ಸಿಗೋದಿಲ್ಲ" ಅಂದಿತ್ತು ನದಿ. "ಎತ್ತಿದವರಿಗೂ ಸಿಗಬಾರದು. ಮೀನು ಯಾರ ಕೈಯಲ್ಲಿದೆಯೋ ಅವರು ಉಸಿರು ಕಟ್ಟಿರಬೇಕು. ಆ ಒಂದು ಉಸಿರೊಳಗೆ, ಇಟ್ಟುಕೊಳ್ಳೋದಾ ಬಿಡೋದಾ, ಯಾವುದಾದರೂ ಒಂದು ಹೇಳಿಬಿಡಿ. ಇಟ್ಟುಕೊಂಡರೆ ಊಟ ನಿಮ್ಮದು. ಬಿಟ್ಟರೆ ಮೀನು ಅದರ ದಾರಿ ನೋಡಿಕೊಳ್ಳುತ್ತದೆ. ಏನೂ ಹೇಳದೆ ಕೈಯಲ್ಲೇ ಸತ್ತರೆ ಅದು ನನ್ನದು. ಅದನ್ನು ಯಾರೂ ಬಾಯಿಗಿಡುವ ಹಾಗಿಲ್ಲ."

ಒಳ್ಳೆಯ ಕಟ್ಟಳೆ. ಎಲ್ಲರೂ ಒಪ್ಪಿದ್ದರು. ಮಿಂಚುಳ್ಳಿಗೆ ಮಾತ್ರ ಅದು ಬೇಕಾಗಿರಲಿಲ್ಲ. ಅದು ನೀರಿಗೆ ಬೀಳುವ ಮೊದಲೇ ಯೋಚನೆ ಮುಗಿಸಿರುತ್ತಿತ್ತು.

ಆ ನದಿಯ ದಡದಲ್ಲಿ ಚೌಡಿ ಅಂತ ಒಬ್ಬಳು, ಬೋರಯ್ಯ ಅಂತ ಅವಳ ಗಂಡ. ಇಬ್ಬರೂ ಒಳ್ಳೆಯವರು, ಅದೇ ಅವರ ತೊಂದರೆ. ಅವರಿಗೆ ನಿಂಗಿ ಅಂತ ಒಬ್ಬಳೇ ಮಗಳು.

ಒಂದು ವರ್ಷ ಬೇಸಿಗೆ ಬಂತು, ಬಂದದ್ದು ಹೋಗಲೇ ಇಲ್ಲ. ನದಿ ಸೊರಗಿ ಸೊರಗಿ ಒಂದೇ ಒಂದು ಮಡುವಿನಷ್ಟಾಯಿತು. ತಾಯಿಮೀನುಗಳನ್ನು ಜನ ಒಂದೊಂದಾಗಿ ಹಿಡಿದು ತಿಂದಿದ್ದರು. ಯಾರೂ ಹೆಚ್ಚು ತಿಂದಿರಲಿಲ್ಲ. ಒಂದೊಂದೇ. ಹಾಗಾಗಿ ಯಾರಿಗೂ ತಾವು ಮುಗಿಸುತ್ತಿದ್ದೇವೆ ಅನಿಸಿರಲಿಲ್ಲ. ಕೊನೆಗೆ ಮಡುವಿನಲ್ಲಿ ಉಳಿದದ್ದು ಒಬ್ಬಳೇ ತಾಯಿ, ಮತ್ತು ಇನ್ನೂ ಮಾತು ಕಲಿಯದ ಒಂದು ಹಿಂಡು ಮರಿ.

ಇತ್ತ ನಿಂಗಿಗೆ ಜ್ವರ ಬಂದು ಆಗತಾನೇ ಬಿಟ್ಟಿತ್ತು. ಮೈಯಲ್ಲಿ ಎಲುಬು, ಕಣ್ಣು, ಇಷ್ಟೇ. ಮನೆಯಲ್ಲಿ ಒಂದು ಹಿಡಿ ರಾಗಿಹಿಟ್ಟು ಇತ್ತು.

"ಇದನ್ನ ಅಂಬಲಿ ಮಾಡಿದರೆ ಒಂದು ಹೊತ್ತು" ಅಂದಳು ಚೌಡಿ. "ಗಾಳಕ್ಕೆ ಉಂಡೆ ಕಟ್ಟಿದರೆ ಒಂದು ಮೀನು. ಏನು ಮಾಡೋಣ?"

"ನೀನು ಹೇಳಿದ ಹಾಗೆ" ಅಂದ ಬೋರಯ್ಯ.

"ನಾನು ಕೇಳಿದ್ದು. ಹೇಳಿದ್ದಲ್ಲ."

ಉಂಡೆ ಕಟ್ಟಿದರು. ಹೊರಡುವಾಗ ನಿಂಗಿ ಗೋಡೆ ಹಿಡಿದು ಎದ್ದಳು. "ಒಲೆ ಹಚ್ಚಿ ನೀರಿಟ್ಟಿರ್ತೀನಿ ಅವ್ವಾ" ಅಂದಳು.

ರಾಗಿ ಉಂಡೆ ನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ದಾರ ಎಳೆಯಿತು. ಬೋರಯ್ಯ ಎಳೆದ, ಚೌಡಿ ಮಂಡಿಯುದ್ದ ನೀರಿಗಿಳಿದು ಎರಡೂ ಕೈಲಿ ತಬ್ಬಿ ಎತ್ತಿದಳು. ತಾಯಿಮೀನು. ಎದೆಯಗಲದ ಮೈ, ಕಾಸಿದ ತುಪ್ಪದ ಬಣ್ಣದ ಹುರುಪೆ. ಹೊಟ್ಟೆ ಮೊಟ್ಟೆ ತುಂಬಿ ಬಿಗಿದಿತ್ತು.

"ಬಂದ್ರಾ" ಅಂದಿತು ಮೀನು. "ನನಗೂ ಹಸಿವು ತಾಯಿ, ಉಂಡೆ ನೋಡಿ ತಡೆಯಲಾಗಲಿಲ್ಲ. ಆಗಲಿ. ಇಟ್ಕೊಳ್ತೀರಾ, ಬಿಡ್ತೀರಾ? ಬಿಟ್ಟರೆ ಮರಿಗಳಿಗೆ ಮಾತು ಕಲಿಸೋದೊಂದು ಬಾಕಿ ಇದೆ. ಇಟ್ಕೊಂಡರೆ ಬೇಗ ಹೇಳಿಬಿಡಿ, ನಾನೂ ಆಸೆ ಇಟ್ಟುಕೊಳ್ಳೋದಿಲ್ಲ."

ಚೌಡಿ ಉಸಿರು ಕಟ್ಟಿದ್ದಳು. ಕೈಯ ಕೆಳಗೆ ಮೀನಿನ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವಳು ತಲೆ ಅಲ್ಲಾಡಿಸಿ ಗಂಡನಿಗೆ ಸನ್ನೆ ಮಾಡಿದಳು: ಬಿಡೋಣ.

"ಹುಚ್ಚೇನೇ ನಿನಗೆ?" ಅಂದ ಬೋರಯ್ಯ. ಅವನ ಕೈ ಖಾಲಿ ಇತ್ತು, ಉಸಿರು ಸಲೀಸಾಗಿತ್ತು. "ಮಗು ಒಲೆ ಮುಂದೆ ಕೂತಿದೆ. ಇಟ್ಕೋ."

ಉತ್ತರ ಕೊಡಬೇಕು, ಕೊಡಬೇಕಾದರೆ ಉಸಿರು ಬೇಕು. ಚೌಡಿ ಮೀನನ್ನು ಗಂಡನ ಕೈಗೆ ಹಾಕಿದಳು.

"ಬಸುರಿ ಕಣ್ರೀ" ಅಂದಳು, ಎದೆ ತುಂಬ ಗಾಳಿ ಎಳೆದುಕೊಂಡು. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ನಿಂಗಿಯ ಎಲುಬೆದ್ದ ಮೊಣಕೈ ನೆನಪಾಯಿತು. "ಆದರೆ ನೀವು ಹೇಳಿದ್ದೂ ನಿಜವೇ. ಇಟ್ಕೊಳ್ಳೋಣ."

ಈಗ ಉಸಿರು ಕಟ್ಟಿದ್ದವನು ಬೋರಯ್ಯ. ಈಗ ಎದೆಬಡಿತ ಅವನ ಕೈಯ ಕೆಳಗೆ. ಅವನು ತಲೆ ಅಲ್ಲಾಡಿಸಿದ: ಬಿಡೋಣ. ಕಾರಣ ಹೇಳಬೇಕೆಂದು ಮೀನನ್ನು ಮತ್ತೆ ಹೆಂಡತಿಯ ಕೈಗೆ ಹಾಕಿದ.

ನೋಡಿದೆಯಾ ಮಗೂ, ಹೀಗಿತ್ತು ಅದು. ಮೀನು ಕೈಯಲ್ಲಿದ್ದಾಗ ಬಿಡೋಣ ಅನ್ನಿಸುತ್ತಿತ್ತು. ಕೈ ಖಾಲಿಯಾದ ಕೂಡಲೆ ಇಟ್ಕೊಳ್ಳೋಣ ಅನ್ನಿಸುತ್ತಿತ್ತು. ಬಿಡೋಣ ಅನ್ನುವವರಿಗೆ ಮಾತಾಡಲು ಉಸಿರಿಲ್ಲ. ಉಸಿರಿದ್ದವರು ಇಟ್ಕೊಳ್ಳೋಣ ಅನ್ನುತ್ತಿದ್ದರು. ಮೀನು ಅವಳ ಕೈಯಿಂದ ಇವನ ಕೈಗೆ, ಇವನ ಕೈಯಿಂದ ಅವಳ ಕೈಗೆ.

ಕಟ್ಟಳೆ ಎಲ್ಲೂ ಮುರಿದಿರಲಿಲ್ಲ. ಹಿಡಿದವರು ಉಸಿರು ಕಟ್ಟಿಯೇ ಇದ್ದರು.

"ಏನಂದ್ರಿ?" ಅಂತ ಕೇಳಿತು ಮೀನು.

"ಒಂದು ನಿಮಿಷ ಇರವ್ವ" ಅಂದಳು ಚೌಡಿ. "ಮಾತಾಡ್ತಾ ಇದೀವಿ."

ಗಾಳಿ ದಡದ ಜೊಂಡಿನಿಂದ ಎದ್ದು ಬಂತು. "ಯಾವುದೋ ಒಂದು ಹೇಳಿ ಮಾರಾಯರೇ. ತಪ್ಪಾದರೂ ಸರಿ."

"ನಿನಗೇನು" ಅಂದ ಬೋರಯ್ಯ. "ನಿನಗೆ ಮಗಳಿಲ್ಲ."

"ನೀವೇ ಹೇಳಿಬಿಡಿ" ಅಂದಳು ಚೌಡಿ.

"ನಾನು ಹೇಳಿದರೆ ನಾಳೆ ನನ್ನ ತಲೆಗೆ ಕಟ್ತೀಯ. ನೀನು ಹೇಳು."

"ನಾನು ಹೇಳಿದರೆ ನೀವು ಬಿಡ್ತೀರಾ? ಸಾಯೋ ತನಕ ಆಡಿಕೊಳ್ತೀರಿ."

"ಏನಂದ್ರಿ?" ಅಂತ ಕೇಳಿತು ಮೀನು. ದನಿ ಸಣ್ಣಗಾಗಿತ್ತು.

ಕೊಂಬೆಯ ಮೇಲಿದ್ದ ಮಿಂಚುಳ್ಳಿಗೆ ನೋಡಲಾಗಲಿಲ್ಲ. "ನಾನು ಇಷ್ಟು ಮೀನು ತಿಂದಿದ್ದೀನಿ" ಅಂದಿತು. "ಒಂದನ್ನೂ ಹೀಗೆ ಗೋಳು ಹೊಯ್ದುಕೊಂಡಿಲ್ಲ." ಹಾಗಂದು ಹಾರಿಹೋಯಿತು.

ನೀರಿನೊಳಗೆ ಮರಿಗಳು ಬಂಡೆಯ ಸಂದಿಯಿಂದ ಹೊರಬಂದು ಒಂದಕ್ಕೊಂದು ಒತ್ತಿಕೊಂಡು ಮೇಲೆ ನೋಡುತ್ತಿದ್ದವು. ಅಮ್ಮ ಮೇಲೆ, ಬೆಳಕಿನಲ್ಲಿ, ಯಾರದೋ ಕೈಯಲ್ಲಿ. ಅಮ್ಮನ ದನಿ ಗಾಳಿಗೆ ಹೋಗುತ್ತಿತ್ತು, ನೀರಿನೊಳಕ್ಕೆ ಇಳಿಯುತ್ತಿರಲಿಲ್ಲ. ಅವಕ್ಕೆ ಕಾಣುತ್ತಿದ್ದುದು ಅಮ್ಮನ ಬಾಯಿ ಮಾತ್ರ. ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ನೋಡಿ" ಅಂದಳು ಚೌಡಿ ಕೊನೆಗೆ. ಮೀನು ಗಂಡನ ಕೈಯಲ್ಲಿತ್ತು. ಈ ಸಲ ಅವಳು ನಿಂಗಿಯ ಮುಖ ನೆನೆಯಲಿಲ್ಲ. ನಾಳಿನದು, ನಾಡಿದ್ದಿನದು, ಮಳೆ ಬಂದ ಮೇಲಿನದು ನೆನೆದಳು. "ಬಿಟ್ಟುಬಿಡೋಣ. ನನ್ನ ಮೇಲೇ ಇರಲಿ ಈ ಮಾತು. ಮಗಳಿಗೆ ನಾನೇ ಹೇಳ್ತೀನಿ."

ಬೋರಯ್ಯ ಕಟ್ಟಿದ್ದ ಉಸಿರು ಬಿಟ್ಟು, "ಬಿಡೋಣ" ಅಂದ.

ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೇ ಮೊದಲು. ಇಬ್ಬರಿಗೂ ಎದೆ ಹಗುರಾಯಿತು. ಆ ಹಗುರದಲ್ಲೇ ಅವರಿಗೆ ತಿಳಿಯಿತು, ಮೀನು ಏನಂದ್ರಿ ಅಂತ ಕೇಳಿ ಆಗಲೇ ಎಷ್ಟೋ ಹೊತ್ತಾಗಿದೆ.

ಮೆಲ್ಲಗೆ ನೀರಿನಲ್ಲಿಟ್ಟರು. ಮೀನು ಒಂದು ಪಕ್ಕಕ್ಕೆ ವಾಲಿತು. ಚೌಡಿ ಎತ್ತಿ ನೆಟ್ಟಗೆ ಮಾಡಿದಳು. ಮತ್ತೆ ವಾಲಿತು. ಬಾಲ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸಿದಳು, ಎಳೆಗೂಸನ್ನು ತೂಗುವ ಹಾಗೆ. ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು.

"ಹಾಗಾದರೆ ಮನೆಗೇ ಒಯ್ಯೋಣ" ಅಂದ ಬೋರಯ್ಯ. ಅವನ ದನಿ ಅವನಿಗೆ ಮಾತ್ರ ಕೇಳಿಸುವಷ್ಟಿತ್ತು.

"ಇಲ್ಲಪ್ಪ" ಅಂದಿತು ನದಿ. "ಈಗ ನನ್ನದು."

ನದಿ ಸಿಟ್ಟು ಮಾಡಲಿಲ್ಲ, ಅದಕ್ಕೂ ಶಕ್ತಿ ಉಳಿದಿರಲಿಲ್ಲ. ಇದ್ದಷ್ಟು ನೀರಿನಲ್ಲಿ ತಾಯಿಮೀನನ್ನು ಎಳೆದುಕೊಂಡು, ಕಲ್ಲುಗಳಿಗೆ ತಾಗಿಸುತ್ತಾ ತಾಗಿಸುತ್ತಾ, ಕೆಳಗೆ ಹೊರಟಿತು. ಗಂಡ ಹೆಂಡತಿ ದಡದಲ್ಲಿ ನಿಂತು ನೋಡಿದರು. ಇಬ್ಬರ ಕೈಗೂ ಹುರುಪೆ ಅಂಟಿತ್ತು.

ಮನೆಯಲ್ಲಿ ನಿಂಗಿ ಒಲೆ ಹಚ್ಚಿ ನೀರಿಟ್ಟಿದ್ದಳು. ಹುಣಿಸೆಹಣ್ಣು ನೆನೆಹಾಕಿದ್ದಳು. ನೀರು ಕುದಿದು ಅರ್ಧಕ್ಕಿಳಿದಿತ್ತು.

"ಸಿಕ್ತಾ ಅವ್ವಾ?" ಅಂದಳು.

"ಸಿಕ್ತು."

"ಎಲ್ಲಿ? ಬಿಟ್ರಾ?"

ಬಿಟ್ಟೆವು ಅನ್ನುವ ಹಾಗಿರಲಿಲ್ಲ. ಇಟ್ಟುಕೊಂಡೆವು ಅನ್ನುವ ಹಾಗೂ ಇರಲಿಲ್ಲ. ನಾನೇ ಹೇಳ್ತೀನಿ ಅಂದಿದ್ದ ಚೌಡಿ ಬಾಯಿ ತೆರೆದಳು, ಮುಚ್ಚಿದಳು. ಬೋರಯ್ಯ ಬಾಯಿ ತೆರೆದ, ಮುಚ್ಚಿದ. ನಿಂಗಿ ಇಬ್ಬರನ್ನೂ ನೋಡಿದಳು. ಆಮೇಲೆ ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಗೋಡೆ ಕಡೆ ತಿರುಗಿ ಮಲಗಿದಳು.

ಮಳೆ ಬಂತು, ತಡವಾಗಿ. ಹೊಸ ನೀರು ಬಂತು. ಮರಿಗಳು ಬಂಡೆಯ ಸಂದಿಯಲ್ಲಿ ಕಾದು ಕೂತವು. ಹೇಳಿಕೊಡುವವರು ಯಾರೂ ಬರಲಿಲ್ಲ. ಅವಕ್ಕೆ ಗೊತ್ತಿದ್ದದ್ದು ಕೊನೆಯ ದಿನ ಅಮ್ಮನ ಬಾಯಿ ಆಡಿದ್ದಷ್ಟೇ. ಮಾತು ಅಂದರೆ ಅದೇ ಇರಬೇಕು ಅಂದುಕೊಂಡವು. ಅದನ್ನೇ ಕಲಿತವು. ತಮ್ಮ ಮರಿಗಳಿಗೂ ಅದನ್ನೇ ಕಲಿಸಿದವು.

ನದಿ ಇವತ್ತಿಗೂ ಕಲ್ಲುಗಳ ನಡುವೆ ಏನೋ ಗೊಣಗುತ್ತಿರುತ್ತದೆ. ಗಾಳಿಯೂ ಜೊಂಡಿನಲ್ಲಿ ಪಿಸುಗುಟ್ಟುತ್ತದೆ. ಮೀನಿನದು ಮಾತ್ರ ಸದ್ದಿಲ್ಲ. ನೀನು ಗಾಜಿನ ತೊಟ್ಟಿಗೆ ಮೂಗು ಒತ್ತಿ ನಿಂತಾಗ ಒಳಗಿನ ಮೀನು ನಿನ್ನೆದುರಿಗೇ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತದಲ್ಲ, ಅದು ಅವತ್ತು ತಾಯಿಮೀನು ಕೇಳಿದ್ದನ್ನೇ ಇನ್ನೂ ಕೇಳುತ್ತಿದೆ, ನಾವು ಇನ್ನೂ ಉತ್ತರ ಹೇಳಿಲ್ಲ.