ಸದ್ದು ಅಡಗಿದ ಮೇಲೆ ಕೇಳಿಸಿದ್ದು

"ಗುರುಗಳೇ, ದೂರದ ವಿಮಾನ ಪ್ರಯಾಣಕ್ಕೆ ಸದ್ದು ಅಡಗಿಸುವ ಹೆಡ್‌ಫೋನ್ ಕೊಳ್ಳಬೇಕು. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು ಒಳ್ಳೆಯದೋ, ಕಿವಿಯೊಳಗೆ ಸಿಕ್ಕಿಸುವಂಥದ್ದು ಒಳ್ಳೆಯದೋ?" ಎಂದು ಶಿಷ್ಯ ನಾಗಭೂಷಣ ಕೇಳಿದ.

ಇದನ್ನು ಅವನು ನಿನ್ನೆಯೂ ಕೇಳಿದ್ದ, ಮೊನ್ನೆಯೂ ಕೇಳಿದ್ದ. ಮೊನ್ನೆ ಗುರುಗಳು "ನನಗೆ ತಿಳಿಯದು" ಎಂದಿದ್ದರು. ನಿನ್ನೆ "ಯಾವುದಾದರೂ ತೆಗೆದುಕೋ ಮಾರಾಯ" ಎಂದಿದ್ದರು. ಇಂದು ಅವನು ಎರಡರ ಚಿತ್ರವನ್ನೂ ಫೋನಿನಲ್ಲಿ ತೋರಿಸಲು ಬಂದಿದ್ದ.

"ಫೋನು ಒಳಗಿಡು" ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ಅದು ಮುಗಿಯುವವರೆಗೆ ಬ್ಯಾಟರಿಯ ವಿಷಯ ಎತ್ತಬೇಡ."

ಅವರು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿಯಿದ್ದ. ಅವನೂ ಅವನ ಹೆಂಡತಿಯೂ ದೂರದ ದೇಶವೊಂದಕ್ಕೆ ಹೋಗಬೇಕಾಯಿತು. ಅವನಿಗೆ ಅಲ್ಲಿ ವ್ಯಾಪಾರದ ಕೆಲಸವಿತ್ತು, ಅವಳಿಗೆ ಅಲ್ಲಿ ಅಕ್ಕನ ಮನೆಯಿತ್ತು. ವ್ಯಾಪಾರಿಗೆ ವಿಮಾನದ ಸದ್ದು ಆಗದು. ಆದ್ದರಿಂದ ಹೊರಡುವುದಕ್ಕೆ ತಿಂಗಳ ಮೊದಲೇ ಹೆಡ್‌ಫೋನ್ ಹುಡುಕತೊಡಗಿದ. ಅಂಗಡಿ ಅಂಗಡಿಗೆ ಹೋಗಿ ಹಾಕಿ ನೋಡಿದ. ಕನ್ನಡಕದ ಕಡ್ಡಿಯ ಮೇಲೆ ಒತ್ತುತ್ತದೆಯೇ, ಕಿವಿ ಬೆವರುತ್ತದೆಯೇ, ಒರಗಿ ಮಲಗಿದರೆ ಚುಚ್ಚುತ್ತದೆಯೇ ಎಂದು, ಕೊಂಡವರು ಬರೆದ ಅಭಿಪ್ರಾಯಗಳನ್ನು ಊಟಕ್ಕೆ ಕೂತಾಗಲೂ ಓದಿದ.

ಅವನು ಓದುವಾಗ ಹೆಂಡತಿ ಏನೋ ಹೇಳುತ್ತಿದ್ದಳು. ಅವನು "ಹೂಂ" ಎನ್ನುತ್ತಿದ್ದ. ಆ ಹೂಂ ಎಂದರೆ ಒಪ್ಪಿದೆ ಎಂದಲ್ಲ. ಕೇಳಿಸಿಕೊಂಡೆ ಎಂದೂ ಅಲ್ಲ. ಬೇಗ ಮಾತು ಮುಗಿಸು ಎಂದು ಅದರ ಅರ್ಥ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮನೆ ನಡೆಸುವವರಿಗೆಲ್ಲ ಗೊತ್ತಿರುವುದೇ. ಆದರೂ ಹೇಳಿದೆ, ಏಕೆಂದರೆ ಗೊತ್ತಿರುವವರೇ ಇದನ್ನು ಮರೆಯುತ್ತಾರೆ.

ಕೊನೆಗೆ ಅವನು ಎಲ್ಲಕ್ಕಿಂತ ಉತ್ತಮವಾದದ್ದನ್ನೇ ಕೊಂಡ. ವಿಮಾನ ಮೇಲೇರಿದ ಮೇಲೆ ಅದನ್ನು ಕಿವಿಗೆ ಹಾಕಿಕೊಂಡು ಗುಂಡಿ ಒತ್ತಿದ. ಎಂಜಿನ್ನಿನ ಮೊರೆತ ನಿಂತಿತು. ಅವನು ಕಣ್ಣು ಮುಚ್ಚಿದ.

ಇಲ್ಲಿ ಒಂದು ವಿಷಯವನ್ನು ತಿಳಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಯಂತ್ರ ಎಲ್ಲ ಸದ್ದನ್ನೂ ಒಂದೇ ರೀತಿ ಅಡಗಿಸುವುದಿಲ್ಲ. ಒಂದೇ ಸಮನೆ ಮೊರೆಯುವ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ. ಮನುಷ್ಯರ ಮಾತನ್ನು ಅಷ್ಟಾಗಿ ಅಡಗಿಸಲಾರದು. ಹಾಗಾಗಿ ಮೊರೆತದ ಕೆಳಗೆ ಮುಚ್ಚಿಹೋಗಿದ್ದ ಮಾತು, ಮೊರೆತ ಹೋದೊಡನೆ ಕೇಳಿಸತೊಡಗುತ್ತದೆ. ವ್ಯಾಪಾರಿ ಇದನ್ನೂ ಓದಿದ್ದ. ಇದೊಂದು ಕೊರತೆ ಎಂದು ಬೇಸರವನ್ನೂ ಪಟ್ಟಿದ್ದ.

ಅವನ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದ ಮುದುಕಿಯೊಡನೆ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದಳು. ಗಂಡನ ಕಿವಿ ಮುಚ್ಚಿದೆ ಎಂಬ ಧೈರ್ಯ ಅವಳಿಗಿತ್ತು.

"ಇವರ ಜೊತೆ ನಾನು ವಾಪಸ್ ಹೋಗುವುದಿಲ್ಲಮ್ಮ. ಅಕ್ಕನ ಹತ್ತಿರವೇ ಇದ್ದುಬಿಡುತ್ತೇನೆ."

"ಯಜಮಾನರಿಗೆ ಹೇಳಿದ್ದೀಯಾ ತಾಯಿ?"

"ಹೇಳಿದೆ. ಬೇಡ ಅನ್ನುತ್ತಾರೇನೋ, ಯಾಕೆ ಅಂತಲಾದರೂ ಕೇಳುತ್ತಾರೇನೋ ಅಂತ ಕಾದೆ. ಹೂಂ ಅಂದರು. ನನಗೆ ಹೋಗುವ ಟಿಕೆಟ್ ಮಾತ್ರ ಸಾಕು ಅಂದೆ. ಅದಕ್ಕೂ ಹೂಂ ಅಂದು, ಅಷ್ಟೇ ತೆಗೆದರು."

ಹೌದು, ಟಿಕೆಟ್ ತೆಗೆದವನು ವ್ಯಾಪಾರಿಯೇ. ಅವಳಿಗೆ ಹೋಗುವುದಕ್ಕೆ ಮಾತ್ರ, ತನಗೆ ಹೋಗಿ ಬರುವುದಕ್ಕೆ. ಅಕ್ಕನ ಮನೆಯಲ್ಲಿ ನಾಲ್ಕು ದಿನ ಹೆಚ್ಚು ಇರುತ್ತಾಳೇನೋ ಎಂದುಕೊಂಡಿದ್ದ. ಹಾಗೆಂದುಕೊಳ್ಳುವುದಕ್ಕೂ ಅವನು ಹೆಚ್ಚು ಹೊತ್ತು ವ್ಯಯಿಸಿರಲಿಲ್ಲ.

ಅವನು ಹೆಡ್‌ಫೋನ್ ಕಿತ್ತು ತೆಗೆದ. ಮೊರೆತ ಮತ್ತೆ ಬಂದು ತುಂಬಿತು.

"ಏನೆಂದೆ?" ಎಂದ.

"ಏನಿಲ್ಲ. ಹಾಕಿಕೊಳ್ಳಿ. ಅಷ್ಟು ಹುಡುಕಿ ತಂದಿದ್ದೀರಿ."

"ನಾನು ಹೂಂ ಎಂದದ್ದು ಅದಕ್ಕಲ್ಲ."

"ಮತ್ತೆ ಯಾವುದಕ್ಕೆ?"

ಅವಳು ಉತ್ತರಕ್ಕಾಗಿ ಕಾದಳು. ಇದು ಅವನನ್ನು ಹಂಗಿಸಲು ಕೇಳಿದ ಪ್ರಶ್ನೆಯಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಅವಳ ಒಂದು ಮಾತನ್ನಾದರೂ ಅವನು ತಿರುಗಿ ಹೇಳಿದ್ದರೆ ಸಾಕಿತ್ತು. ಟಿಕೆಟ್ಟಿನ ಮಾತೊಂದು ಬಿಟ್ಟರೆ ಅವನಿಗೆ ಬೇರೇನೂ ನೆನಪಾಗಲಿಲ್ಲ. ಅವಳು ಹೊದಿಕೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಉಳಿದ ದಾರಿಯುದ್ದಕ್ಕೂ ವ್ಯಾಪಾರಿ ಹೆಡ್‌ಫೋನ್ ಹಾಕಿಕೊಂಡೇ ಇದ್ದ. ಹಾಡು ಹಾಕಲಿಲ್ಲ. ಅವಳು ಇನ್ನೇನಾದರೂ ಹೇಳಿದರೆ ಕೇಳಿಸಲಿ ಎಂದು ಹಾಕಿಕೊಂಡಿದ್ದ. ಅವಳು ಹೇಳಲಿಲ್ಲ. ವಿಮಾನ ಇಳಿದಾಗ ಅಕ್ಕ ಬಂದು ಅವಳನ್ನು ಕರೆದುಕೊಂಡು ಹೋದಳು. ವ್ಯಾಪಾರಿ ತನ್ನ ಕೆಲಸ ಮುಗಿಸಿ ಒಬ್ಬನೇ ಊರಿಗೆ ಮರಳಿದ.

ಗುರುಗಳು ಕತೆ ನಿಲ್ಲಿಸಿದರು. ನಾಗಭೂಷಣ ಫೋನು ಮತ್ತೆ ಹೊರತೆಗೆದ.

"ಗುರುಗಳೇ, ಅವನು ಕೊಂಡದ್ದು ಕಿವಿ ಮುಚ್ಚುವಂಥದ್ದೇ ತಾನೇ? ಪಕ್ಕದವರ ಮಾತು ಅಷ್ಟು ಚೆನ್ನಾಗಿ ಕೇಳಿಸುವುದಾದರೆ ಅದು ಬೇಡ. ಇನ್ನೊಂದನ್ನೇ ತೆಗೆದುಕೊಳ್ಳುತ್ತೇನೆ."

ಗುರುಗಳು ಹಣೆಯನ್ನು ಅಂಗೈಯಿಂದ ಒತ್ತಿಕೊಂಡರು. ಆಮೇಲೆ ಕೇಳಿದರು: "ಮೂರು ದಿನದಿಂದ ನೀನು ನನ್ನನ್ನು ಇದನ್ನೇ ಕೇಳುತ್ತಿದ್ದೀಯಲ್ಲ, ಆ ಮೂರು ದಿನ ನಿನ್ನ ಹೆಂಡತಿ ನಿನ್ನನ್ನು ಏನು ಕೇಳಿದಳು?"

ನಾಗಭೂಷಣ ಫೋನು ಒಳಗಿಟ್ಟ. ಅದನ್ನು ಹೆಂಡತಿಯನ್ನೇ ಕೇಳಲು ಮನೆಗೆ ಹೊರಟ.