ಕೊಡ ಇಳಿಸುವ ಕೈ

"ಗುರುಗಳೇ, ಕಾಲಿನ ವೇಗವನ್ನು ನಿರ್ಧರಿಸುವವರು ಯಾರು?" ಎಂದು ಶಿಷ್ಯ ಕೇಳಿದ. "ಮಠಕ್ಕೆ ಸೌದೆ ತರುವ ನಮ್ಮ ಚನ್ನವೀರ ಕಾಡಿಗೆ ಹೋಗುವಾಗ ಚಿಗರೆಯಂತೆ ಓಡುತ್ತಾನೆ. ಹೊತ್ತು ಮರಳುವಾಗ ಕಾಲೆಳೆದುಕೊಂಡು ಬರುತ್ತಾನೆ. ಹೊರೆ ಕಡಿಮೆ ಮಾಡಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಸೋಮಾರಿ. ಅವನನ್ನು ಊರಿಗೆ ಕಳಿಸಿಬಿಡೋಣ."

ಗುರುಗಳು ಮುತ್ತುಗದ ಎಲೆಗೆ ಕಡ್ಡಿ ಚುಚ್ಚುತ್ತ, "ಕೂತುಕೋ," ಎಂದು ಒಂದು ಕತೆ ಶುರುಮಾಡಿದರು.

ಒಂದು ಮನೆಗೆ ಹೊಸ ಸೊಸೆ ಬಂದಳು. ಕೆರೆಗೆ ಬೇಗ ಹೋಗುತ್ತಿದ್ದಳು, ನೀರು ಹೊತ್ತು ನಿಧಾನವಾಗಿ ಬರುತ್ತಿದ್ದಳು. ಅತ್ತೆ ಜಗಲಿಯಲ್ಲಿ ನಿಂತು, "ಏನೇ, ಕೆರೆಯನ್ನೇ ಹೊತ್ತು ತಂದೆಯಾ?" ಎನ್ನುತ್ತಿದ್ದಳು.

"ಕೊಡ ಭಾರ, ಅತ್ತೆ," ಎನ್ನುತ್ತಿದ್ದಳು ಸೊಸೆ. ಸುಳ್ಳಲ್ಲ. ಅವಳಿಗೂ ಹಾಗೇ ಅನ್ನಿಸುತ್ತಿತ್ತು.

ಅತ್ತೆ ಕೆಟ್ಟವಳಲ್ಲ. ಚಿಕ್ಕ ಕೊಡ ಕೊಟ್ಟಳು. ಆದರೂ ಸೊಸೆ ತಡವಾಗಿಯೇ ಬಂದಳು. ಅತ್ತೆ ಬಟ್ಟೆಯ ಮೆತ್ತನೆಯ ಸಿಂಬಿ ಸುತ್ತಿ ಅವಳ ತಲೆಗಿಟ್ಟಳು. ಆಗಲೂ ಅಷ್ಟೇ. ಇವಳು ಕೆಲಸಗಳ್ಳಿಯೇ ಸರಿ ಎಂದುಕೊಂಡು, ಮಗಳನ್ನು ಕರೆದುಕೊಂಡು ಹೋಗಿ ಎಂದು ಸೊಸೆಯ ತಾಯಿಗೆ ಹೇಳಿಕಳಿಸಿದಳು.

ತಾಯಿ ಬಂದಾಗ ಸೊಸೆ ಕೆರೆಯಲ್ಲಿದ್ದಳು. ಅಂದು ದೊಡ್ಡ ಕೊಡವನ್ನೇ ಒಯ್ದಿದ್ದಳು. ಬೀದಿಯ ತಿರುವಿಗೆ ಬಂದವಳು ಜಗಲಿಯಲ್ಲಿ ತಾಯಿಯನ್ನು ಕಂಡಳು. ಮರುಗಳಿಗೆ ಅಂಗಳದಲ್ಲಿದ್ದಳು. ಒಂದು ಹನಿ ತುಳುಕಿರಲಿಲ್ಲ. ತಾಯಿ ಎದ್ದು ಎರಡೂ ಕೈಯಿಂದ ಕೊಡ ಇಳಿಸಿ, ಸೆರಗಿನಿಂದ ಮಗಳ ಮುಖ ಒರೆಸಿದಳು.

ಅತ್ತೆ ನೋಡಿದಳು. ಅದೇ ದಾರಿ, ಅದೇ ಕಾಲು, ಭಾರ ಮಾತ್ರ ಹೆಚ್ಚು. ಹುಡುಗಿಯ ತಲೆಯೊಳಗೊಂದು ತಕ್ಕಡಿ ಇದೆ, ದಣಿವನ್ನೂ ದಾರಿಯ ಕೊನೆಯಲ್ಲಿ ಸಿಗುವುದನ್ನೂ ಅದು ತೂಗುತ್ತದೆ, ಕಾಲು ಅದರ ಮಾತು ಕೇಳುತ್ತದೆ ಎಂದು ಅವಳಿಗೆ ಹೊಳೆಯಿತು. ಇಷ್ಟು ದಿನ ಅವಳು ಒಂದೇ ತಟ್ಟೆಯನ್ನು ಹಗುರ ಮಾಡಿದ್ದಳು. ಇನ್ನೊಂದು ತಟ್ಟೆಯಲ್ಲಿ ಚುಚ್ಚುಮಾತಾಡುತ್ತ ತಾನೇ ನಿಂತಿದ್ದಳು.

"ಇವಳನ್ನು ಹೊರಡಿಸಲೇನಮ್ಮ?" ಎಂದು ತಾಯಿ ತಗ್ಗಿದ ದನಿಯಲ್ಲಿ ಕೇಳಿದಳು.

"ಯಾಕೆ? ನಾನು ಕರೆಸಿದ್ದು ನಿಮ್ಮನ್ನು, ಊಟಕ್ಕೆ," ಎಂದಳು ಅತ್ತೆ.

ಮರುದಿನ ಸೊಸೆ ತಿರುವು ದಾಟಿದಾಗ ಅತ್ತೆ ಅಂಗಳಕ್ಕಿಳಿದು ಎರಡೂ ಕೈ ಚಾಚಿ ನಿಂತಿದ್ದಳು. ಕೆಲವು ದಿನ ಸೊಸೆಯ ಕಾಲು ನಂಬಲಿಲ್ಲ. ಆಮೇಲೆ ನಂಬಿತು.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಎಲೆ ಎತ್ತಿಕೊಂಡರು. ದೂರದ ದಾರಿಯಲ್ಲಿ ಚನ್ನವೀರನ ಸೌದೆ ಹೊರೆ ಕಂಡಿತು. ಬಯ್ಯುವ ಹೊತ್ತಾಯಿತೆಂದು ಶಿಷ್ಯ ಎಂದಿನಂತೆ ಎದ್ದು ಬಾಗಿಲಿಗೆ ಹೋದ.

"ಅವನಿಗೆ ದಿನವೂ ಆ ಬಾಗಿಲಲ್ಲಿ ಸಿಗುವುದು ನೀನೇ ಅಲ್ಲವೇ?" ಎಂದರು ಗುರುಗಳು.

ಶಿಷ್ಯ ಅಂಗಳಕ್ಕಿಳಿದು, ಹೊರೆ ಇಳಿಸಲು ಎರಡೂ ಕೈ ಚಾಚಿ ನಿಂತ.