ಪರುತಯ್ಯ ಕೊಟ್ಟ ಕಫ

ಹೊಳೆದಂಡೆಯ ಮಠದಲ್ಲಿ ಶಿಷ್ಯ ಪರುತಯ್ಯನ ದೊಡ್ಡಸ್ತಿಕೆ ಏನು ಕೇಳುತ್ತೀರಿ. ಬೀಡಿ ಬಿಡುತ್ತೇನೆಂದು ಆಣೆ ಮಾಡದವನ ಹಣೆಗೆ ವಿಭೂತಿ ಹಚ್ಚುತ್ತಿರಲಿಲ್ಲ. ತಾನು ಮಾತ್ರ ಬಣವೆಯ ಹಿಂದೆ ಕೂತು ಬೀಡಿ ಎಳೆದು, ಕೆಮ್ಮುತ್ತಾ ಬರುತ್ತಿದ್ದ. ಹಚ್ಚುವುದು ಯಾವ ಬೂದಿಯೋ ಅಂತ ಹೆಂಗಸರು ಮುಸಿಮುಸಿ ನಗುತ್ತಿದ್ದರು.

ಒಮ್ಮೆ ಮಠಕ್ಕೆ ಡಾಕ್ಟರಮ್ಮ ಬಂದಳು. ಶ್ವಾಸಕೋಶದ ಕ್ಯಾನ್ಸರು ಮೊದಲಲ್ಲೇ ಸಿಕ್ಕಿದರೆ ಜೀವ ಉಳಿಸಬಹುದು ಎಂದು ಹೇಳಿ, ಕೆಮ್ಮುವವರಿಗೆಲ್ಲ ಒಂದೊಂದು ಡಬ್ಬಿ ಕೊಟ್ಟಳು. ಬೆಳಗಿನ ಕಫ ಅದರಲ್ಲಿ ಹಿಡಿದು ಕೊಡಬೇಕು.

ಗುರು ಅಜ್ಜಯ್ಯನವರಿಗೂ ಕೆಮ್ಮಿತ್ತು. ಅವರು ಡಬ್ಬಿ ಮುಟ್ಟಲಿಲ್ಲ.

"ಬೀಡಿ ಸೇದದವನಿಗೆ ಯಾಕವ್ವ ಇದೆಲ್ಲ?"

ಪರುತಯ್ಯ ತನ್ನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬೀಡಿಯ ಗುಟ್ಟು ಕಫದಲ್ಲಿ ಬಯಲಾದರೆ? ಅಜ್ಜಯ್ಯನವರ ಪೀಕದಾನಿ ತೊಳೆಯುವ ಸೇವೆ ಅವನದೇ. ಬೀಡಿ ಕಾಣದ ಬಾಯಿ. ಇದಕ್ಕಿಂತ ಮಡಿಯಾದ ಕಫ ಇನ್ನೆಲ್ಲಿ ಸಿಗುತ್ತದೆ? ಅದನ್ನೇ ತನ್ನ ಡಬ್ಬಿಗೆ ತುಂಬಿ ಕೊಟ್ಟ.

ಡಾಕ್ಟರಮ್ಮ ಮತ್ತೆ ಬಂದಳು. ಭಕ್ತರು ಕೂತಿದ್ದ ಅಂಗಳದಲ್ಲಿ, ಅಜ್ಜಯ್ಯನವರ ಎದುರೇ ಅವನನ್ನು ಕೂರಿಸಿದಳು.

"ಅಯ್ಯನವರೇ, ನಿಮ್ಮ ಕಫದಲ್ಲಿ ಕೆಟ್ಟ ಕಣ ಕಂಡಿದೆ. ರಕ್ತ ನೋಡಬೇಕು, ಸ್ಕ್ಯಾನ್ ಆಗಬೇಕು. ಹೆದರಬೇಡಿ, ಬೇಗ ಗೊತ್ತಾಗಿದೆ. ಎಲ್ಲಿ, ತೋಳು ಕೊಡಿ."

ಪರುತಯ್ಯ ತೋಳು ಕೊಟ್ಟ.

ತೋಳಿಗೆ ರಬ್ಬರು ಬಿಗಿಯಿತು. ಎದುರಿಗೆ ಅಜ್ಜಯ್ಯ ಕೆಮ್ಮಿದರು. ಸುಮ್ಮನೆ ರಕ್ತ ಕೊಟ್ಟುಬಿಟ್ಟರೆ ಮಾನ ಉಳಿಯುತ್ತದೆ. ಅಜ್ಜಯ್ಯ ಉಳಿಯುವುದಿಲ್ಲ.

ಸೂಜಿ ಚರ್ಮಕ್ಕೆ ತಾಗಿತು.

"ತಡಿಯವ್ವ," ಎಂದ ಪರುತಯ್ಯ. "ರಕ್ತ ನನ್ನದು. ಕಫ ನನ್ನದಲ್ಲ."

"ಮತ್ಯಾರದು?"

ಅವನು ಪೀಕದಾನಿಯ ಕಡೆ ನೋಡಿದ.

"ಬಣವೆ ಹಿಂದೆ ಬೀಡಿ ಸೇದ್ತೀನಿ ಅಜ್ಜಾರೇ. ಸಿಕ್ಕಿಬೀಳ್ತೀನಿ ಅಂತ ನಿಮ್ಮದು ಕೊಟ್ಟೆ."

"ಬೀಡಿ ಸಂಗತಿ ಊರಿಗೇ ಗೊತ್ತು ಬಿಡು," ಎಂದಳು ಹಿಂದಿನಿಂದ ಒಬ್ಬ ಮುದುಕಿ.

ಅಜ್ಜಯ್ಯ ನಗಲಿಲ್ಲ, ಬೈಯಲೂ ಇಲ್ಲ. ತಮ್ಮ ತೋಳನ್ನು ಡಾಕ್ಟರಮ್ಮನ ಮುಂದೆ ಚಾಚಿದರು. ರಕ್ತ ಸಿರಿಂಜಿಗೆ ಏರುತ್ತಿರುವಾಗಲೇ, ಇನ್ನೊಂದು ಕೈಯಿಂದ ಒಂದು ಖಾಲಿ ಡಬ್ಬಿ ಎತ್ತಿ ಪರುತಯ್ಯನ ಬಾಯಿಗೆ ಹಿಡಿದರು.

"ಅಯ್ಯೋ, ನೀವು ಹಿಡಿಯೋದಾ ಅಜ್ಜಾರೇ? ನಿಮ್ಮ ಕೈ ಗಲೀಜಾಗುತ್ತೆ."

"ನನ್ನದು ಸಿಕ್ಕಿತು. ನಿನ್ನದು ಇನ್ನೂ ಬಣವೆ ಹಿಂದೆ ಕೂತಿದೆ. ಕೆಮ್ಮು."